ಒದ್ದೆ ಕರವಸ್ತ್ರ, ಕಾಫಿ ಡಬ್ಬಿ

ಹಾಸ್ಯಪತ್ರಿಕೆಯ ಕಚೇರಿಯಲ್ಲಿ ಯಾರೂ ನಗುವುದಿಲ್ಲ. ಜೋಕು ಎಷ್ಟೇ ಚೆನ್ನಾಗಿರಲಿ, ಸತ್ತವರ ಮನೆಯ ಮುಖ ಮಾಡಿಕೊಂಡು "ನಗು ಬರುತ್ತೆ" ಅನ್ನುವುದು ಇಲ್ಲಿನ ರೂಢಿ. ನ್ಯೂಯಾರ್ಕಿನ ಈ ನಾಲ್ಕನೇ ಮಹಡಿಗೆ ನಾನು ಓದುಗರ ಪತ್ರ ಒಡೆಯಲು ಸೇರಿ ಎರಡು ವರ್ಷವಾಗಿತ್ತು. ಪದವಿ ಮುಗಿಸಿ ಬರೆಯಲೆಂದೇ ಬಂದವಳು, ಬಾಯಿಬಿಟ್ಟು ಕೇಳಲು ಮಾತ್ರ ನಾಚಿಕೆ. 1955ರ ಮಾರ್ಚಿನಲ್ಲಿ ಕೊನೆಗೂ ನಾಲ್ಕು ಹಾಳೆ ಬರೆದು, ಸಂಪಾದಕ ಪರ್ಲ್‌ಮಟರ್ ಅವರ ಮೇಜಿನ ಮೇಲಿಟ್ಟು ಓಡಿಬಂದೆ.

ಬೆಳಿಗ್ಗೆ ಹತ್ತರ ಟೆಲಿವಿಷನ್ ಹರಟೆ ಕಾರ್ಯಕ್ರಮದ ಅಣಕು ಅದು. ನಿರೂಪಕನ ಹೆಸರಿನಲ್ಲಿ ಒಂದೇ ಅಕ್ಷರ ಬದಲಿಸಿದ್ದೆ. ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ವಿಧವೆ ಅವನ ಅತಿಥಿ. ಅವಳ ಕಥೆ ಕೇಳಿ ಅವನು ಬಿಕ್ಕಿ ಬಿಕ್ಕಿ ಅಳುತ್ತಾನೆ. ಆಮೇಲೆ ಅದೇ ಒದ್ದೆ ಕರವಸ್ತ್ರದಿಂದ ಪ್ರಾಯೋಜಕರ ಕಾಫಿ ಡಬ್ಬಿ ಒರೆಸಿ, ಹೆಸರು ಕಾಣುವಂತೆ ಕ್ಯಾಮೆರಾಕ್ಕೆ ಹಿಡಿಯುತ್ತಾನೆ.

ಪರ್ಲ್‌ಮಟರ್ ನನ್ನ ಮೇಜಿನ ತನಕ ಬಂದರು.

"ಮರೀ, ನೀನೇ ಬರೆದಿದ್ದಾ ಇದು?"

"ಹೂಂ ಸಾರ್."

"ನಗು ಬರುತ್ತೆ. ನಿನ್ನ ಹೆಸರು ಹಾಕೇ ಅಚ್ಚು ಮಾಡ್ತೀನಿ. ಓದೋರಿಗೆ ಹಿಡಿಸ್ತು ಅಂದ್ರೆ ಪತ್ರ ಒಡೆಯೋಕೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನೀನು ಬರೆಯೋರ ಸಾಲಿಗೆ ಬಾ."

ಚಿತ್ರ ಬರೆಯುವ ಗಸ್ ಫೆರಾಂಟೆ ತಲೆಯೆತ್ತದೆ ಅಂದ: "ಏನ್ರೀ ಕಾಲೇಜು ಹುಡುಗಿ, ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ!"

ನಮ್ಮ ಸಂಚಿಕೆ ಅಂಗಡಿ ಸೇರುವ ಎಂಟು ವಾರ ಮೊದಲೇ ಪುಟಗಳು ಮುದ್ರಣಕ್ಕೆ ಹೋಗಬೇಕು. ಟೆಲಿವಿಷನ್‌ಗೆ ಆ ಕಾಯುವಿಕೆ ಇಲ್ಲ. ನನ್ನ ಪುಟ ಹೋದ ಏಳನೇ ವಾರದ ಒಂದು ಬೆಳಿಗ್ಗೆ ಕಚೇರಿಯ ಟಿವಿ ಪೆಟ್ಟಿಗೆಯಲ್ಲಿ ಅದೇ ಕಾರ್ಯಕ್ರಮ ಓಡುತ್ತಿತ್ತು. ಪೆನ್ಸಿಲ್ವೇನಿಯಾದ ಒಬ್ಬ ಗಣಿ ವಿಧವೆ, ಕಪ್ಪು ಟೋಪಿ, ಮಡಿಲಲ್ಲಿ ಕೈಚೀಲ. ನಿರೂಪಕ ಅತ್ತ, ನಿಜವಾಗಿಯೇ ಅತ್ತನೇನೋ. ಕಣ್ಣೊರೆಸಿಕೊಂಡ ಕೈ ನೇರ ಡಬ್ಬಿಯತ್ತ ಹೋಯಿತು. ಮೇಲೆ ಬೆರಳ ಗುರುತು ಇತ್ತೋ ಏನೋ, ಕರವಸ್ತ್ರದಿಂದ ಒರೆಸಿ ಎತ್ತಿ ಹಿಡಿದ. ವಿಧವೆ ಡಬ್ಬಿಯನ್ನು ನೋಡಿ ಮುಗುಳ್ನಕ್ಕಳು. ಅದನ್ನು ನಾನು ಬರೆದಿರಲಿಲ್ಲ.

"ನಗು ಬರು..." ಎಂದು ಶುರುಮಾಡಿದ ಗಸ್ ಅಲ್ಲಿಗೇ ನಿಲ್ಲಿಸಿದ.

"ನನ್ನದನ್ನ ತೆಗೆಸಿಬಿಡಿ ಸಾರ್," ಎಂದು ಪರ್ಲ್‌ಮಟರ್ ಅವರ ಬಳಿ ಓಡಿದೆ.

"ಎಲ್ಲಿಂದ ತೆಗೆಸ್ಲಿ ಮರೀ? ಅಚ್ಚಾಗಿ ಲಾರಿ ಹತ್ತಿದೆ."

ಸಂಚಿಕೆ ಬಂತು. ಈಡಾ ಕ್ರಾವಿಟ್ಸ್ ಎಂದು ನನ್ನ ಹೆಸರು ದಪ್ಪಕ್ಷರದಲ್ಲೇ ಇತ್ತು. ಪತ್ರಗಳನ್ನೂ ನಾನೇ ಒಡೆದೆ. 'ಟಿವಿಯಲ್ಲಿ ಬಂದದ್ದನ್ನೇ ಬರೆದುಕೊಂಡಿದ್ದೀರಿ, ಇದರಲ್ಲಿ ಜೋಕೆಲ್ಲಿ?' ಒಂದಾದ ಮೇಲೊಂದು, ಹೆಚ್ಚುಕಡಿಮೆ ಅದೇ ಮಾತು.

"ನಿಂದೇನೂ ತಪ್ಪಿಲ್ಲ," ಅಂದರು ಪರ್ಲ್‌ಮಟರ್. "ಟಿವಿಯವ್ರು ಮುಟ್ಟೋಕಾಗದ ಹಾಗೆ ಇನ್ನೊಂದು ಬರಿ, ನೋಡೋಣ."

ವಾರವಿಡೀ ಕೂತೆ. ನಿರೂಪಕ ವಿಧವೆಯ ಗಂಡನ ಸಮಾಧಿಯ ಪಕ್ಕದಲ್ಲೇ ಕಾಫಿ ಕಾಯಿಸುವಂತೆ ಬರೆದೆ. ಓದಿ ನೋಡಿದರೆ ತಮಾಷೆ ಅನ್ನಿಸಲಿಲ್ಲ, ಮುಂದಿನ ತಿಂಗಳ ಕಾರ್ಯಕ್ರಮ ಅನ್ನಿಸಿತು. ಹರಿದುಹಾಕಿದೆ.

"ಆಗಲ್ಲ ಸಾರ್."

ಅವರು ಒತ್ತಾಯಿಸಲಿಲ್ಲ. "ಸರಿ. ಹಾಗಿದ್ರೆ ಪತ್ರ ನೋಡ್ಕೊಂಡಿರು."

ಅಂದಿನ ಕಟ್ಟಿನಲ್ಲಿ ಒಹಾಯೊದ ಒಬ್ಬ ಹೆಂಗಸಿನ ಪತ್ರವಿತ್ತು. ನನ್ನ ಬರಹದ ವಿಧವೆಗೆಂದು ಉಣ್ಣೆಯ ಶಾಲು ಹೆಣೆದಿದ್ದಾಳಂತೆ, ವಿಳಾಸ ಬೇಕಂತೆ. ಅಂಥವಳು ಯಾರೂ ಇಲ್ಲ ಎಂದು ಅರ್ಧ ಸಾಲು ಬರೆದೆ. ಆ ಕಪ್ಪು ಟೋಪಿಯವಳು ನೆನಪಾಗಿ ಅದನ್ನು ಹೊಡೆದುಹಾಕಿ, ಟೆಲಿವಿಷನ್ ಕೇಂದ್ರದ ವಿಳಾಸ ಬರೆದು ಅಂಚೆಗೆ ಹಾಕಿದೆ.