ಬರೆಯದೆ ಬಿಟ್ಟ ಲೆಕ್ಕಗಳು

ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದ ವರ್ಷ ಭದ್ರಾವತಿಯ ಆ ಸರ್ಕಾರಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿಗೆ ಕೂತ ಮೂವತ್ತೊಂದು ಮಕ್ಕಳಲ್ಲಿ ಪಾಸಾದವರು ಹನ್ನೆರಡೇ. ಹೆಚ್ಚಿನವರು ಬಿದ್ದದ್ದು ಗಣಿತದಲ್ಲಿ. ಶಿವಮೊಗ್ಗದಲ್ಲಿ ನಡೆದ ಶಿಕ್ಷಣ ಇಲಾಖೆಯ ಸಭೆಯಲ್ಲಿ ಅಧಿಕಾರಿಗಳು ಗಣಿತದ ಟೀಚರ್ ಸತ್ಯಭಾಮಾರನ್ನು ಎಲ್ಲರೆದುರು ಎದ್ದು ನಿಲ್ಲಿಸಿ ಕಾರಣ ಕೇಳಿದರು. ವಾಪಸು ಬಸ್ಸಿನಲ್ಲಿ ಅವರು ಊರು ಮುಟ್ಟುವವರೆಗೂ ಕಿಟಕಿಯಾಚೆಯೇ ನೋಡುತ್ತ ಕೂತಿದ್ದರು.

ಅದೇ ವರ್ಷ ಡಿಸೆಂಬರಿನಲ್ಲಿ ಹೆಡ್‌ಮಾಸ್ಟರ್ ಜಯಪ್ಪನವರು ಮೆಲ್ಲಗೆ ಒಂದು ಉಪಾಯ ಹೇಳಿದರು. ಹೊಸ ಹತ್ತನೇ ಕ್ಲಾಸಿನಲ್ಲಿ ತೀರಾ ಹಿಂದುಳಿದ ಒಂಬತ್ತು ಮಕ್ಕಳಿಗೆ ಹಾಜರಾತಿ ಸಾಲದೆಂದು ತೋರಿಸಿ ಪರೀಕ್ಷೆಗೆ ಕೂರಿಸದಿದ್ದರೆ ಫಲಿತಾಂಶ ತಾನಾಗಿ ಏರುತ್ತದೆ. ಅವರು ಬರೆದು ತಂದಿದ್ದ ಪಟ್ಟಿಯ ಮೊದಲ ಹೆಸರು ಸಿರಿ. ಬಿಸಿಯೂಟದ ಅಡುಗೆ ಮಾಡುವ ಕರಿಯಮ್ಮನ ಮಗಳು. ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ.

ಯೋಚಿಸಲು ಒಂದು ದಿನ ಕೇಳಿದ ಸತ್ಯಭಾಮಾ ಅರ್ಧವಾರ್ಷಿಕ ಪರೀಕ್ಷೆಯ ಸಿರಿಯ ಉತ್ತರಪತ್ರಿಕೆ ತೆಗೆದು ನೋಡಿದರು. ಬರೀ ಅಂಕಿಗಳಿದ್ದ ಲೆಕ್ಕಗಳೆಲ್ಲ ಸರಿಯಾಗಿದ್ದವು. ವಾಕ್ಯಗಳಲ್ಲಿ ಕೊಟ್ಟ ಲೆಕ್ಕಗಳನ್ನು ಮುಟ್ಟಿಯೇ ಇರಲಿಲ್ಲ. ಅವಳನ್ನು ಕರೆದು ಅಂಥದ್ದೊಂದನ್ನು ಗಟ್ಟಿಯಾಗಿ ಓದಲು ಹೇಳಿದರು. ಹುಡುಗಿ ಮೊದಲ ಪದದ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಲು ಹೆಣಗಿದಳು. ಟೀಚರ್ ತಾವೇ ಓದಿದರು. ಓದಿ ಮುಗಿಸುವಷ್ಟರಲ್ಲಿ ಸಿರಿ ಉತ್ತರ ಹೇಳಿಬಿಟ್ಟಳು.

"ಓದೋಕೆ ಬರಲ್ಲ ಅಂತ ಯಾಕಮ್ಮ ಹೇಳಲಿಲ್ಲ?"

"ಬೋರ್ಡ್ ನೋಡ್ಕೊಂಡು ಬರೀತಿದ್ದೆ ಮಿಸ್. ಯಾರೂ ಓದು ಅನ್ಲಿಲ್ಲ."

ಕೊರೊನಾ ರಜೆಯಲ್ಲಿ ಬಿಟ್ಟುಹೋದ ಓದು ಆಮೇಲೆ ಕೈಗೆ ಹತ್ತಿರಲಿಲ್ಲ. ವಿಚಾರಿಸಿದರೆ ಪಟ್ಟಿಯಲ್ಲಿದ್ದ ಉಳಿದವರ ಕತೆಯೂ ಅದೇ.

ಸತ್ಯಭಾಮಾ ನೇರ ಜಯಪ್ಪನವರ ಬಳಿ ಹೋದರು. "ಸರ್, ಇವರಿಗೆ ಲೆಕ್ಕ ಬರುತ್ತೆ, ಓದು ಬರಲ್ಲ. ನಾನು ಇಷ್ಟು ದಿನ ಇಲ್ಲದ ತಪ್ಪಿಗೆ ಬೈದಿದೀನಿ. ಯಾರನ್ನೂ ಬಿಡೋದು ಬೇಡ."

"ಪರೀಕ್ಷೆಗೆ ಮೂರೇ ತಿಂಗಳಿದೆ, ನಾಳೆಯಿಂದಲೇ ಓದು ಕಲಿಸಿ" ಎಂದ ಜಯಪ್ಪನವರು ಪಟ್ಟಿಯನ್ನು ಮಡಚಿ ಹರಿದರು.

ಮರುದಿನದಿಂದ ಬೆಳಿಗ್ಗೆ ಎಂಟೂವರೆಗೆ ಜಗಲಿಯಲ್ಲಿ ಓದು ಶುರುವಾಯಿತು. ನಾಲ್ಕನೇ ಕ್ಲಾಸಿನ ಪುಸ್ತಕ ಹಿಡಿಯಲು ಮೊದಮೊದಲು ನಾಚಿದ ಮಕ್ಕಳು ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಬ್ಬರ ತಪ್ಪನ್ನು ಒಬ್ಬರು ತಿದ್ದತೊಡಗಿದರು. ಫೆಬ್ರವರಿಯಲ್ಲಿ ಗಣಿತದ ಪುಸ್ತಕಕ್ಕೆ ಬಂದರು.

ಫಲಿತಾಂಶದ ದಿನ ಜಯಪ್ಪನವರು ಮೊಬೈಲ್ ನೋಡಿ ಒಂದೊಂದೇ ಹೆಸರು ಓದಿದರು. ಮೂವತ್ತರಲ್ಲಿ ಇಪ್ಪತ್ತಾರು ಪಾಸು. ಸಿರಿಗೆ ಗಣಿತದಲ್ಲಿ ನಲವತ್ತೊಂದು. ಸತ್ಯಭಾಮಾ ಕುರ್ಚಿ ಎಳೆದುಕೊಂಡು ಕೂತರು. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಕೆಳಗಿಟ್ಟಂತಿತ್ತು. ಸುದ್ದಿ ಕೇಳಿ ಓಡಿಬಂದ ಕರಿಯಮ್ಮ ಸತ್ಯಭಾಮಾರ ಕೈ ಹಿಡಿದುಕೊಂಡು ನಿಂತರು.

ಬಿದ್ದ ನಾಲ್ವರ ಮನೆಗೆ ಸತ್ಯಭಾಮಾ ಅಲ್ಲಿಂದಲೇ ಫೋನ್ ಮಾಡಿದರು. ಬಿದ್ದವರಿಗೆ ಮುಂದಿನ ತಿಂಗಳೇ ಎರಡನೇ ಪರೀಕ್ಷೆ ಇದೆ, ಸೋಮವಾರದಿಂದ ಕಳಿಸಿ ಎಂದರು. ಆಮೇಲೆ ಮನೆಗೆ ಹೋಗಿ, ಎರಡು ದಿನದಿಂದ ಸೇರದಿದ್ದ ಊಟವನ್ನು ಹೊಟ್ಟೆ ತುಂಬ ಉಂಡರು.