ಒಂದು ಮನೆಗೆ ಮಾತ್ರ ಅನುಮತಿ

ಕಟ್ಟಡದ ಮುಂಭಾಗಕ್ಕೆ ಹೊಸ ಬಣ್ಣ ಬಳಿದದ್ದೇ ತಡ, ನಿವಾಸಿಗಳ ಸಂಘಕ್ಕೆ ಕೊಂಬು ಬಂತು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಕೂಡದು, ಹಗ್ಗ ಕಟ್ಟಕೂಡದು, ರಸ್ತೆಗೆ ಕಾಣುವಂಥ ಯಾವ ಸಾಮಾನೂ ಅಲ್ಲಿ ಇರಕೂಡದು. ಹೋಗಲಿ, ತಾರಸಿಯಲ್ಲಾದರೂ ಹರವೋಣವೆಂದರೆ ಅಲ್ಲಿ ಸೋಲಾರ್ ಹಾಕಿಸಿ ಬಾಗಿಲಿಗೆ ಬೀಗ ಜಡಿದಿದ್ದರು. ಹಾಗಾದರೆ ಒದ್ದೆ ಬಟ್ಟೆಯನ್ನು ತಲೆ ಮೇಲೆ ಹೊತ್ತುಕೊಂಡು ಓಡಾಡಬೇಕಾ ಎಂದು ಯಾರಾದರೂ ಕೇಳಿದರೆ ಸಂಘದ ಕಾರ್ಯದರ್ಶಿ ನಗುನಗುತ್ತಲೇ, "ಒಳಗೆ ಸ್ಟ್ಯಾಂಡ್ ಇಟ್ಕೊಳ್ಳಿ, ಫ್ಯಾನ್ ಹಾಕಿ, ತಾನಾಗೇ ಒಣಗುತ್ತೆ" ಎನ್ನುತ್ತಿದ್ದರು. ಟೈಲ್ಸ್ ಮಾರುವ ಮನುಷ್ಯ. ಗೋಡೆಯ ಹೊರಮೈ ನುಣ್ಣಗೆ ಹೊಳೆಯುತ್ತಿದ್ದರೆ ಸಾಕು, ಅದರ ಹಿಂದೆ ಯಾರು ಹೇಗೆ ಬದುಕುತ್ತಿದ್ದಾರೆ ಎನ್ನುವುದು ಆ ಪುಣ್ಯಾತ್ಮನಿಗೆ ಬೇಕಿರಲಿಲ್ಲ.

ಎರಡನೆಯ ಮಹಡಿಯ ಮೂಲೆಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಮಗಳು ಕನ್ನಡಕದಂಗಡಿಯಲ್ಲಿ ಗಾಜು ತೀಡಿ ಫ್ರೇಮಿಗೆ ಕೂರಿಸುವ ಕೆಲಸದವಳು. ಕಟ್ಟಿಕೊಂಡವನನ್ನು ಬಿಟ್ಟು ಬಂದು ಎಷ್ಟೋ ವರ್ಷಗಳಾಗಿದ್ದವು, ಅದರ ಬಗ್ಗೆ ಅವಳಿಗೆ ಒಂದಿಷ್ಟೂ ಬೇಸರವಿರಲಿಲ್ಲ. ಅಪ್ಪ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಕೆಲಸ ಹೋಗಿದ್ದರೂ ಗತ್ತು ಹೋಗಿರಲಿಲ್ಲ. ಸಂಜೆಯಾಯಿತೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಕೆಳಗಿನ ಕಲ್ಲುಬೆಂಚಿನ ಹತ್ತಿರ ಹೋಗಿ ಕಟ್ಟಡದ ಮುದುಕರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ ಮಾಡಿಸುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಡೊಳ್ಳುಹೊಟ್ಟೆಯವರೊಬ್ಬರಿಗೆ ದಿನಾ ಬೈಗುಳ ತಪ್ಪುತ್ತಿರಲಿಲ್ಲ. "ಬೆನ್ನು ನೆಟ್ಟಗೆ ರೀ ಮ್ಯಾನೇಜರ್ರೇ, ನೋಟು ಎಣಿಸಿದ್ದು ಸಾಕು" ಎಂದರೆ ಮಿಕ್ಕವರು ಬಿದ್ದು ಬಿದ್ದು ನಗುತ್ತಿದ್ದರು. ಆ ಒಂದು ಗಂಟೆಗೆಂದೇ ಅಪ್ಪ ಮಿಕ್ಕ ದಿನವನ್ನೆಲ್ಲ ಹೇಗೋ ತಳ್ಳುತ್ತಿದ್ದರು.

ಅವರಿಗೆ ರಾತ್ರಿ ಹಾಸಿಗೆಯಲ್ಲೇ ಮೂತ್ರ ಹೋಗಿಬಿಡುತ್ತಿತ್ತು. ಇದು ಮಗಳೊಬ್ಬಳನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಅವರಿಬ್ಬರ ನಡುವೆಯೂ ಆ ಮಾತು ಒಮ್ಮೆಯೂ ಬಂದದ್ದಿಲ್ಲ. ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅವಳು ಮೇಲುಹಾಸು ಎಳೆದು ಒಗೆಯಲು ಹಾಕುತ್ತಿದ್ದಳು. ಅವರು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಮಂಚದ ಮೇಲೆ ಬೇರೆಯದು ಇರುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಔಷಧಿ ಅಂಗಡಿಯಿಂದ ದೊಡ್ಡವರ ಡಯಪರ್ ತಂದು ಕಪಾಟಿನಲ್ಲಿಟ್ಟಿದ್ದಳು. ಅಪ್ಪ ಪೊಟ್ಟಣ ಒಡೆಯದೆ ಹಾಗೇ ಕಸದ ಬುಟ್ಟಿಗೆ ಹಾಕಿ, ಅವಳೊಡನೆ ಮಾತು ಬಿಟ್ಟಿದ್ದರು. ಆಮೇಲೆ ಅವಳು ಆ ಸುದ್ದಿಗೇ ಹೋಗಲಿಲ್ಲ.

ಹೊಸ ನಿಯಮ ಬಂದ ಮೇಲೆ ಮೇಲುಹಾಸು ಕೋಣೆಯೊಳಗೇ ಒಣಗಬೇಕಾಯಿತು. ಒಣಗುವುದೆಲ್ಲಿ ಬಂತು, ಬಿಸಿಲು ಬೀಳದ ಮನೆ. ಅರೆಬರೆ ಒಣಗಿ ಮುಗ್ಗಲು ಹಿಡಿದು, ಎಷ್ಟು ಸೋಪು ಸುರಿದರೂ ವಾಸನೆ ಗೋಡೆಗೆ, ಪರದೆಗೆ, ಅಪ್ಪನ ಅಂಗಿಗೂ ಹತ್ತಿಕೊಂಡಿತು. ಒಂದು ಸಂಜೆ ಅಪ್ಪ ಕೆಳಗೆ ಹೊರಟವರು ಬಾಗಿಲಲ್ಲೇ ನಿಂತು ತಮ್ಮ ತೋಳನ್ನು ಮೂಸಿ ನೋಡಿಕೊಂಡರು. ಒಳಗೆ ಬಂದು ಅಂಗಿ ಬದಲಿಸಿದರು. ಅದನ್ನೂ ಮೂಸಿದರು. ಆಮೇಲೆ "ಯಾಕೋ ಇವತ್ತು ಕಾಲು ನೋವು ಪುಟ್ಟಿ" ಎಂದು ಕುರ್ಚಿಯಲ್ಲಿ ಕೂತುಬಿಟ್ಟರು. ಏನೇ ಆಗಲಿ, ಅಪ್ಪನ ಸಂಜೆಯನ್ನು ಈ ಟೈಲ್ಸಿನವನ ಕೈಯಿಂದ ಬಿಡಿಸಿ ತರುವುದೇ ಸೈ ಎಂದು ಅವಳು ಅವತ್ತೇ ಹಟ ತೊಟ್ಟಳು.

ಅವಳೊಬ್ಬಳಿಗೇ ಸಿಟ್ಟಿತ್ತೆಂದಲ್ಲ. ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ನೀರಿನ ಪಂಪಿನ ಹತ್ತಿರ, ಎಲ್ಲಿ ನಾಲ್ಕು ಜನ ಸೇರಿದರೂ ಇದೇ ಮಾತು. ಎಲ್ಲರಿಗಿಂತ ಜೋರು ಬಾಯಿ ಮೇಲ್ಮನೆಯ ಅಕ್ಕನದು. ಗಂಡ, ಮೂರು ಮಕ್ಕಳ ಸಂಸಾರ, ಒಗೆದಷ್ಟೂ ಮುಗಿಯದ ಬಟ್ಟೆ. ಉಪಾಯ ಹೂಡಿದವಳೂ ಅವಳೇ. "ಬರೋ ಭಾನುವಾರ ಬೆಳಿಗ್ಗೆ ಎಲ್ಲಾ ಮನೆಯವರೂ ಒಟ್ಟಿಗೆ ಬಟ್ಟೆ ನೇತುಹಾಕೋಣ. ಎಷ್ಟು ಜನಕ್ಕೆ ಅಂತ ದಂಡ ಹಾಕ್ತಾನೆ, ನೋಡೇಬಿಡೋಣ" ಎಂದಳು. ಎಲ್ಲರೂ ಹೂಂ ಎಂದರು. ಒಬ್ಬರಂತೂ ಹಗ್ಗ ತಂದೂ ಆಯಿತೆಂದರು.

ಭಾನುವಾರ ಬೆಳಿಗ್ಗೆ ಮಗಳು ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಹಗ್ಗ ಬಿಗಿದು ಮೇಲುಹಾಸನ್ನು ಹರವಿದಳು. ಬಗ್ಗಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ಒಂದು ಕರವಸ್ತ್ರವೂ ಇಲ್ಲ. ತಿಂಡಿ ಹೊತ್ತಾಗಲಿ, ಸ್ನಾನವಾಗಲಿ, ಈಗ ಹಾಕುತ್ತಾರೆ, ಇನ್ನೇನು ಹಾಕುತ್ತಾರೆ ಎಂದು ಕಾದಳು. ಬಿಸಿಲು ನೆತ್ತಿಗೆ ಬಂದರೂ ಇಡೀ ಕಟ್ಟಡದ ಮುಖದ ಮೇಲೆ ಇದ್ದದ್ದು ಅವಳದೊಂದೇ ಬಟ್ಟೆ. ಇಂಥವರನ್ನು ನಂಬಿ ಹೊರಟೆನಲ್ಲ, ನನ್ನ ಬುದ್ಧಿಗಿಷ್ಟು ಎಂದು ಅವಳು ತನ್ನನ್ನೇ ಬೈದುಕೊಂಡಳು. ಆದರೂ ತೆಗೆಯಲಿಲ್ಲ.

ಸಂಜೆ ಸಂಘದ ಸಭೆ. ಅಪ್ಪನಿಗೆ ಸಭೆಗಳೆಂದರೆ ಆಗದು, ಮನೆಯಲ್ಲೇ ಉಳಿದರು. ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕಾರ್ಯದರ್ಶಿ ಎದ್ದು ನಿಂತು, ತಮ್ಮ ಫೋನಿನಲ್ಲಿ ತೆಗೆದ ಮೇಲುಹಾಸಿನ ಫೋಟೋವನ್ನು ಎಲ್ಲರಿಗೂ ತೋರಿಸಿದರು.

"ನೋಡಿ, ಎಲ್ಲರೂ ಅನುಸರಿಸ್ಕೊಂಡು ಹೋಗ್ತಿದ್ದಾರೆ. ನಿಮಗೊಬ್ಬರಿಗೇ ಏನು ಕಷ್ಟ?" ಎಂದು ಅವಳನ್ನು ಕೇಳಿದರು.

"ನನಗೊಬ್ಬಳಿಗೇ ಅಲ್ಲ ಸರ್, ಎಲ್ಲರಿಗೂ ಕಷ್ಟಾನೇ. ಕೇಳಿ ಬೇಕಾದ್ರೆ."

ಕಾರ್ಯದರ್ಶಿ ಸುತ್ತ ನೋಡಿದರು. ಹಗ್ಗ ತಂದವರು ಸೀಲಿಂಗಿನ ಪೈಪು ನೋಡುತ್ತಿದ್ದರು. ಮೇಲ್ಮನೆಯ ಅಕ್ಕ ಕೈಚೀಲದ ಜಿಪ್ಪು ಎಳೆಯುತ್ತ, ಬಿಡುತ್ತ ಕೂತಿದ್ದಳು.

"ಯಾರಿಗೂ ತೊಂದರೆ ಇಲ್ವಲ್ಲಮ್ಮ. ಇದು ಬರೀ ಹಟ ಅಷ್ಟೇ" ಎಂದರು ಕಾರ್ಯದರ್ಶಿ.

ಹಟ ಎಂದದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಮಾತು, ತಾನು ಬೇಡ ಬೇಡ ಎನ್ನುತ್ತಿದ್ದರೂ, ಬಾಯಿಂದ ಹೊರಗೆ ಬಂತು.

"ನಮ್ಮಪ್ಪನಿಗೆ ರಾತ್ರಿ ಗೊತ್ತಾಗದ ಹಾಗೆ ಹಾಸಿಗೇಲಿ ಹೋಗಿಬಿಡುತ್ತೆ ಸರ್. ದಿನಾ ಒಗೀಬೇಕು, ದಿನಾ ಒಣಗಬೇಕು. ಇದು ಹಟಾನಾ ಹೇಳಿ."

ಸಭೆ ಬೆಣ್ಣೆಯ ಹಾಗೆ ಕರಗಿತು. ಹೆಂಗಸರು ಲೊಚಗುಟ್ಟಿದರು. ಮ್ಯಾನೇಜರು "ಅಯ್ಯೋ ಪಾಪ, ಮಾಸ್ತರಿಗಾ" ಎಂದು ಪಕ್ಕದವರ ಕಿವಿ ಕಚ್ಚಿದರು. ಕಾರ್ಯದರ್ಶಿ ಎದೆ ಮೇಲೆ ಕೈಯಿಟ್ಟು, "ಮೊದಲೇ ಹೇಳೋದಲ್ವೇನಮ್ಮ, ನಾವೇನು ಕಲ್ಲುಮನಸ್ಸಿನವರಾ" ಎಂದು, ಮೂಲೆಮನೆಗೆ ಮಾತ್ರ ಬಟ್ಟೆ ಒಣಗಿಸಲು ಅನುಮತಿ ಎಂದು ಅಲ್ಲೇ ಒಪ್ಪಿಗೆ ಮಾಡಿಸಿದರು. ಎಲ್ಲರೂ ಕೈ ಎತ್ತಿದರು. ಇದಕ್ಕೆ ಮಾತ್ರ ಎಲ್ಲರ ಕೈಯೂ ಮೇಲೆದ್ದಿತು. ಗೆದ್ದೆ ಎನ್ನುವ ಬಿಸಿಯಲ್ಲೇ ಅವಳು ಮೆಟ್ಟಿಲು ಹತ್ತಿದಳು. ಬಾಗಿಲ ಮುಂದೆ ಕೀಲಿಕೈ ತೆಗೆಯುವಾಗ ತಾನು ಏನು ಮಾಡಿದೆ ಎಂದು ಹೊಳೆಯಿತು. ಅಪ್ಪನ ಕಿವಿಗೆ ಬೀಳದಿದ್ದರೆ ಸಾಕಪ್ಪಾ ಎಂದುಕೊಂಡಳು.

ಮಾರನೆಯ ಸಂಜೆ ಮೇಲುಹಾಸು ಗರಿಗರಿಯಾಗಿ ಒಣಗಿತ್ತು. ಅಪ್ಪ ಅಂಗಿ ಮೂಸಿ ನೋಡಿ, ತೃಪ್ತಿಯಾಗಿ, ಗತ್ತಿನಿಂದಲೇ ಕೆಳಗೆ ಹೋದರು. ಅವಳು ಮೇಲುಹಾಸು ತೆಗೆಯಲು ಬಾಲ್ಕನಿಗೆ ಬಂದವಳು ನೋಡುತ್ತ ನಿಂತಳು. ಮುದುಕರೆಲ್ಲ ಅಪ್ಪನನ್ನು ಕಂಡು ಎದ್ದು ನಿಂತರು. ಅಪ್ಪ ಗದರದೆ ಅವರು ಹಿಂದೆಂದೂ ತಾವಾಗೇ ಎದ್ದವರಲ್ಲ. ಅಪ್ಪ ಕೂರುವ ಜಾಗದಲ್ಲಿ ಕಲ್ಲುಬೆಂಚಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿತ್ತು.

"ಕೂತ್ಕೊಳ್ಳಿ ಮಾಸ್ತರೇ, ಸಂಕೋಚ ಬೇಡ" ಎಂದರು ಮ್ಯಾನೇಜರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. "ಈ ವಯಸ್ಸಲ್ಲಿ ಯಾರಿಗೂ ತಪ್ಪಿದ್ದಲ್ಲ. ನಿನ್ನೆ ಸಭೇಲಿ ನಿಮ್ಮ ಮಗಳು ಎಲ್ಲಾ ಹೇಳಿದ್ರು."

ಅಪ್ಪ ಹಾಳೆಯನ್ನು ನೋಡಿದರು. ತಲೆಯೆತ್ತಿ ಬಾಲ್ಕನಿಯನ್ನು ನೋಡಿದರು. ಮಗಳು ಮೇಲುಹಾಸನ್ನು ಎದೆಗವಚಿಕೊಂಡು ಅಲ್ಲೇ ನಿಂತಿದ್ದಳು. ಅಪ್ಪ ಆ ಹಾಳೆಯ ಮೇಲೆ ಕೂತರು. ಬೆನ್ನು ನೆಟ್ಟಗೆ ಇಟ್ಟುಕೊಂಡೇ ಸ್ವಲ್ಪ ಹೊತ್ತು ಕೂತಿದ್ದರು. ಅವತ್ತು ಯಾರೂ ಕೈ ಮೇಲೆತ್ತಲಿಲ್ಲ, ಯಾರೂ ಬೈಸಿಕೊಳ್ಳಲಿಲ್ಲ. ಆಮೇಲೆ ಅಪ್ಪ ಎದ್ದು, ಹಾಳೆಯನ್ನು ನೀಟಾಗಿ ಮಡಿಚಿ ಮ್ಯಾನೇಜರ ಕೈಗೆ ಕೊಟ್ಟು ಮೇಲೆ ಬಂದರು.

"ಬೇರೆ ದಾರಿ ಇರಲಿಲ್ಲ ಅಪ್ಪ" ಎಂದಳು ಅವಳು, ಅವರು ಕೇಳುವ ಮೊದಲೇ. "ಒಬ್ಬರೂ ಬಾಯಿ ಬಿಡಲಿಲ್ಲ."

"ಬಾಯಿ ಬಿಡದೇ ಇದ್ದವರ ಮಾನ ಅವರವರ ಮನೇಲೇ ಇದೆ ಪುಟ್ಟಿ" ಎಂದರು ಅಪ್ಪ. ಬೈಯಲಿಲ್ಲ, ದನಿಯೇರಿಸಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು.

ಊಟಕ್ಕೆ ಕೂತಾಗ ಅವರು ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. ಮರುದಿನ ಕಾಫಿಯೂ ಬೇಡವೆಂದರು, ಸಾರೂ ಬೇಡವೆಂದರು. ಮಾತ್ರೆ ನುಂಗಲು ಒಂದು ಗುಟುಕು, ಅಷ್ಟೇ. ತುಟಿ ಬಿರಿದು ನಾಲಿಗೆ ಅಂಟತೊಡಗಿತು. ಅವಳು ಗದರಿದಳು, ಅತ್ತಳು, ಕಾಲು ಹಿಡಿದಳು, ಡಾಕ್ಟರನ್ನು ಕರೆಸುತ್ತೇನೆಂದು ಹೆದರಿಸಿದಳು. "ಕರೆಸು. ಅವರಿಗೂ ಹೇಳು" ಎಂದು ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಬೆಳಿಗ್ಗೆ ಅವಳು ಮಂಚದ ಮೇಲೆ ಕೈಯಾಡಿಸಿ ನೋಡಿದಳು. ಎಲ್ಲಿಯೂ ಒದ್ದೆಯಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಮೇಲ್ಮನೆಯ ಅಕ್ಕ ಸೊಂಟದ ಮೇಲೆ ಬಕೆಟ್ ಇಟ್ಟುಕೊಂಡು ನಿಂತಿದ್ದಳು. ಬಕೆಟ್ ತುಂಬ ಹಿಂಡಿದ ಶರ್ಟು, ಟವೆಲು, ಮಕ್ಕಳ ಯೂನಿಫಾರ್ಮು.

"ಬೇಜಾರು ಮಾಡ್ಕೋಬೇಡಿ, ಅವತ್ತು ನಮ್ಮವರು ಬೇಡವೇ ಬೇಡ ಅಂದುಬಿಟ್ರು" ಎಂದು ಹಲ್ಲು ಕಿರಿದಳು. "ನಿಮಗೆ ಹೇಗೂ ಪರ್ಮಿಷನ್ ಇದೆಯಲ್ಲ. ನಿಮ್ಮ ತಂದೆಯದರ ಪಕ್ಕದಲ್ಲೇ ನಮ್ಮದೂ ಒಂದೆರಡು ಹಾಕ್ಕೊಳ್ಳಲಾ? ಜಾಗ ಇದ್ರೆ ಮಾತ್ರ."

ಮಗಳು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.

"ಬನ್ನಿ ಅಕ್ಕ, ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ" ಎಂದಳು. "ನಮ್ಮಪ್ಪ ನೀರು ಕುಡಿಯೋದನ್ನೇ ಬಿಟ್ಟಿದ್ದಾರೆ."