ರಾಣಿಗೊಂಬೆಗೆ ಮೀಸೆ ಬಂದದ್ದು

೧

ಮೀಸೆಯಿಂದ ಶುರು ಮಾಡಲೇ, ರಾಣಿಯಿಂದ ಮಾಡಲೇ? ಯಾವುದಾದರೂ ಒಂದೇ. ಎರಡೂ ಅಂಟಿಕೊಂಡುಬಿಟ್ಟಿವೆ, ಅದೇ ಗೋಳು.

"ನನ್ನಿಂದ ಶುರು ಮಾಡಿ," ಎಂದಳು ಬ್ಯಾಕಪ್ಪಕ್ಕ.

ಸರಿ. ವಸ್ತುಸಂಗ್ರಹಾಲಯದ ಹಳೆಯ ಗೊಂಬೆ, ಹಾಡು, ಪಟಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಂದೊಂದಕ್ಕೂ ಮೂರು ಪ್ರತಿ ಮಾಡಿ, ಮೂರು ಊರಿನಲ್ಲಿಟ್ಟು ಕಾಯುವುದು ಅವಳ ಕೆಲಸ. ಅದಕ್ಕೇ ಆ ಅಡ್ಡಹೆಸರು. ಮನೆಯಲ್ಲೂ ಅಷ್ಟೇ. ಗಂಡನಿಗೆ ಹೇಳಿದ್ದನ್ನು ಅತ್ತೆಗೂ ಹೇಳಿ, ನಾದಿನಿಗೂ ಹೇಳಿಟ್ಟಿರುತ್ತಾಳೆ.

(ಈ ಜೋಕು ತೆಗೆಯಿರಿ ಎಂದಿದ್ದಾಳೆ. ತೆಗೆದೆ ಎಂದಿದ್ದೇನೆ.)

೨

ನನ್ನ ಕಥೆಯ ಮೊದಲ ಕರಡಿನಲ್ಲಿ ಮಹಾಪ್ರವಾಹ ಬಂದು ಸರ್ವರ್ ಮುಳುಗುತ್ತಿತ್ತು. "ಸರ್ವರ್ ನಾಲ್ಕನೇ ಮಹಡೀಲಿದೆ ಸ್ವಾಮಿ," ಅಂದಳು. ಪ್ರವಾಹವನ್ನು ವಾಪಸ್ ಕಳಿಸಿದೆ.

ನಿಜಕ್ಕೂ ನಡೆದದ್ದಿಷ್ಟು. ಮರದ ರಾಣಿಗೊಂಬೆಯನ್ನು ಮೇಜಿನ ಮೇಲಿಟ್ಟು ಸುತ್ತಲಿಂದ ಸ್ಕ್ಯಾನ್ ಮಾಡುತ್ತಿದ್ದಾಗ ವಸ್ತುಸಂಗ್ರಹಾಲಯದ ನಿರ್ದೇಶಕರು "ಎಲ್ಲಿ, ನೋಡೋಣ" ಎಂದು ಮುಖ ತೂರಿಸಿದರು. ಸಾಹೇಬರನ್ನು ಕೈಬಿಡಲು ಸಾಫ್ಟ್‌ವೇರಿಗೂ ಧೈರ್ಯ ಸಾಲಲಿಲ್ಲವೋ ಏನೋ, ಅವರ ದಪ್ಪ ಮೀಸೆಯನ್ನು ರಾಣಿಯ ಮೇಲ್ದುಟಿಗೆ ನೀಟಾಗಿ ಹೊಲಿಯಿತು. ಯಾರೂ ನೋಡಲಿಲ್ಲ. ವೆಬ್‌ಸೈಟಿಗೆ ಹೋಯಿತು. ಕೆಲವೇ ದಿನಗಳಲ್ಲಿ ಶಾಲೆಮಕ್ಕಳು ಮೀಸೆರಾಣಿಯನ್ನು ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ಗೊಂಬೆಯಾಗಿ ಮುದ್ರಿಸಿ ಬ್ಯಾಗಿಗೆ ನೇತುಹಾಕಿಕೊಂಡರು.

"ಡಿಲೀಟ್ ಮಾಡಮ್ಮ," ಎಂದರು ನಿರ್ದೇಶಕರು.

"ಸರಿಯಾದದ್ದನ್ನ ಇವತ್ತೇ ಹಾಕ್ತೀನಿ ಸರ್. ಆದ್ರೆ ಈ ಮೀಸೆ ಫೈಲು ಅಳಿಸಲ್ಲ. ತಪ್ಪಾದ್ರೂ ನಾವೇ ಮಾಡಿದ್ದಲ್ವಾ, ಇರ್ಲಿ."

"ನನ್ನ ಮೀಸೆ ಕಣಮ್ಮ ಅದು!"

"ಈಗ ಸಂಗ್ರಹದ್ದು ಸರ್."

"ಸೋಮವಾರದೊಳಗೆ ಅದು ಹೋಗಿರ್ಬೇಕು. ಇಲ್ಲಾಂದ್ರೆ ನೀನು ಹೋಗ್ತೀಯ."

೩

ನಾನು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ: ಒಂದು ಪ್ರತಿ ಅಳಿಸಿ ತೋರಿಸು, ಇನ್ನೆರಡು ಇರುತ್ತವಲ್ಲ. ಕೆಲಸವೂ ಉಳಿಯುತ್ತೆ, ಕಥೆಯೂ ಮುಗಿಯುತ್ತೆ.

"ನಿಮ್ಮ ಕರಡು ಹರಿದ ಹಾಗಲ್ಲ ರೀ ಇದು!" ಎಂದು ರೇಗಿದಳು.

ರೇಗಿದ್ದೇನೋ ಜೋರಾಗಿಯೇ. ಆದರೆ ಭಾನುವಾರ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿದಳು. ಅತ್ತೆ ಮುಖ ಕಿವುಚದೆ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಹೋದ್ರೆ ಹೋಗ್ಲಿ ಬಿಡೇ, ಕೆಲಸ ತಾನೇ," ಎಂದರು. ಅವಳಿಗೆ ಅಳು ಬಂತು.

(ಇಡೀ ಕಥೆ ತಮಾಷೆಯಾಗಿರಬೇಕು ಅಂದುಕೊಂಡಿದ್ದೆ. ಅತ್ತೆ ನನ್ನನ್ನು ಕೇಳಲಿಲ್ಲ.)

೪

ಸೋಮವಾರ ಬಂದ ನಿರ್ದೇಶಕರನ್ನು ಗುರುತು ಸಿಗದೆ ಕಾವಲುಗಾರ ಗೇಟಿನಲ್ಲೇ ತಡೆದ. ಮೀಸೆ ಬೋಳಿಸಿಬಿಟ್ಟಿದ್ದರು! ರಾಣಿಯದು ಯಾರ ಮೀಸೆ ಅಂತ ಈಗ ಯಾರು ಹೇಳ್ತಾರೆ ನೋಡೋಣ ಎಂಬ ಹಟ.

ನೇರ ಬ್ಯಾಕಪ್ಪಕ್ಕನ ಕೋಣೆಗೆ ಬಂದರು. "ಅಳಿಸಿದ್ಯಾ?"

"ಇಲ್ಲ ಸರ್." ಬ್ಯಾಗು ಕೈಗೆತ್ತಿಕೊಂಡೇ ಹೇಳಿದಳು.

ನಿರ್ದೇಶಕರು ಬಾಗಿಲು ಹಾಕಿದರು. ದನಿ ತಗ್ಗಿಸಿದರು. "ಬದುಕಿದೆ. ನಮ್ಮನೆಯವಳು ನಿನ್ನೆಯಿಂದ ಮಾತೇ ಬಿಟ್ಟಿದ್ದಾಳೆ. ಮೊದಲಿನ ಹಾಗೇ ಬೆಳೆಸ್ಬೇಕಂತೆ. ಫೋಟೋದಲ್ಲಿ ಮುಂದಿಂದ ಮಾತ್ರ ಕಾಣುತ್ತೆ. ಸಲೂನಿನವನಿಗೆ ಪಕ್ಕದಿಂದಲೂ ಬೇಕಂತೆ. ಆ ಫೈಲು ಸ್ವಲ್ಪ…"

ಅವಳು ಬ್ಯಾಗು ಕೆಳಗಿಟ್ಟು ಕೂತಳು. "ಯಾವ ಉದ್ದೇಶಕ್ಕೆ ಅಂತ ಬರ್ಕೊಳ್ಲಿ ಸರ್?"

ಅವರು ಬೋಳುತುಟಿ ಸವರಿಕೊಂಡರು. "ಸಂಶೋಧನೆ ಅಂತ ಬರಿ."

೫

ಮುಕ್ತಾಯ? ಒಂದು ಕರಡಿನಲ್ಲಿ ಮೀಸೆ ಮೊದಲಿನಂತೇ ಬಂದು ಗಂಡಹೆಂಡಿರು ರಾಜಿಯಾಗುತ್ತಾರೆ. ಇನ್ನೊಂದರಲ್ಲಿ ಹೆಂಡತಿ ಫೈಲು ನೋಡಿ, "ರಾಣಿಗೇ ಚೆನ್ನಾಗಿ ಒಪ್ಪುತ್ತೆ ರೀ," ಅನ್ನುತ್ತಾಳೆ. ಯಾವುದು ನಿಜವೋ ನನಗೂ ಗೊತ್ತಿಲ್ಲ. ಸದ್ಯಕ್ಕೆ ಸಾಹೇಬರ ತುಟಿಯ ಮೇಲೆ ಬರೀ ಚುಚ್ಚುಕೂದಲು. ಮೀಸೆ ಬೆಳೆಯುವುದಕ್ಕಿಂತ ಬೇಗ ಕಥೆ ಮುಗಿಸುವುದು ನನ್ನ ಕೈಲಾಗದು. ಅವಸರವಿದ್ದರೆ ನೀವು ಹೊರಡಿ.